ಪಿಕಪ್‌ನ ಬೆನ್ನುಗಾವಲು

ಅಮೆರಿಕದ ಕಟ್ಟಡ ಕೆಲಸಗಾರರ ಪಿಕಪ್‌ಗಳಲ್ಲಿ ಕ್ಯಾಬಿನ್ನಿನ ಹಿಂಬದಿ ಗಾಜಿಗೆ ಅಡ್ಡಲಾಗಿ ಒಂದು ಲೋಹದ ಚೌಕಟ್ಟು ನಿಂತಿರುತ್ತದೆ. ಅದೇ ಹೆಡೇಕ್ ರ್ಯಾಕ್. ಗಕ್ಕನೆ ಬ್ರೇಕ್ ಹಾಕಿದಾಗ ಪೈಪು, ಏಣಿ, ಮರದ ತೊಲೆ ಮುನ್ನುಗ್ಗಿ ಗಾಜು ಒಡೆದು ಚಾಲಕನ ತಲೆಗೆ ಬಡಿಯದಂತೆ ತಡೆಯುವುದು ಇದರ ಕೆಲಸ. ಹಾಗೆಂದು ಸರಕನ್ನು ಬಿಗಿದು ಕಟ್ಟುವುದನ್ನು ಬಿಡುವಂತಿಲ್ಲ.

ಉಕ್ಕಿನದೋ, ಅಲ್ಯೂಮಿನಿಯಮ್ಮಿನದೋ?

ಉಕ್ಕು ಗಟ್ಟಿ, ಅಗ್ಗ, ಆದರೆ ಭಾರ. ಆ ಭಾರವೂ ಗಾಡಿ ಹೊರಬಹುದಾದ ತೂಕದಲ್ಲೇ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊದಂಥ ಕಡೆ ಬಣ್ಣ ಕಿತ್ತ ಜಾಗದಿಂದಲೇ ತುಕ್ಕು ಶುರು. ಅಲ್ಯೂಮಿನಿಯಂ ಹಗುರ, ತುಕ್ಕಿನ ಕಾಟವಿಲ್ಲ, ಬೆಲೆ ಮಾತ್ರ ಹೆಚ್ಚು.

ಒಳ್ಳೆಯ ರ್ಯಾಕಿನ ಜಾಣ್ಮೆ ಕಾಣುವುದು ಸಣ್ಣಪುಟ್ಟದರಲ್ಲಿ. 1994ರ ಮಾದರಿಗಳಿಂದ ಅಮೆರಿಕದ ಹಗುರ ಪಿಕಪ್‌ಗಳಿಗೆ ಎತ್ತರದಲ್ಲಿ ಮೂರನೇ ಬ್ರೇಕ್ ದೀಪ ಕಡ್ಡಾಯ. ಅದು ಮರೆಯಾಗದಂತೆ ರ್ಯಾಕಿನ ಜಾಲರಿಯಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಜಾಲರಿಯ ಕಣ್ಣು ಸಣ್ಣದಾದಷ್ಟೂ ತಡೆ ಹೆಚ್ಚು, ಹಿನ್ನೋಟ ಮಂಕು. ಸರಕಿನ ತೊಟ್ಟಿಯ ಅಂಚಿನಲ್ಲಿ ಮೊದಲೇ ಇರುವ ಚೌಕ ಗುಂಡಿಗಳಿಗೆ ಕೂರುವ ರ್ಯಾಕಾದರೆ ಡ್ರಿಲ್ ಹಿಡಿಯುವ ಗೋಜಿಲ್ಲ. ಅಡ್ಡ ಟೂಲ್‌ಬಾಕ್ಸ್ ಇದ್ದರೆ ಬೇರೆ ಬ್ರಾಕೆಟ್ಟೇ ಬೇಕು. ಮೇಲೆ ಹಳದಿ ಎಚ್ಚರಿಕೆ ದೀಪ, ರಾತ್ರಿ ಕೆಲಸಕ್ಕೆ ಎಲ್‌ಇಡಿ, ಹಗ್ಗಕ್ಕೆ ಕೊಂಡಿ. ದೀಪಗಳ ವೈರುಗಳು ಚೌಕಟ್ಟಿನ ಪೈಪಿನೊಳಗೇ ಹಾಯ್ದರೆ ಏಣಿ ಇಳಿಸುವಾಗ ಸಿಕ್ಕಿ ಹರಿಯುವ ಭಯವಿಲ್ಲ.