ಹಗ್ಗ ಬಿಡುವ ವಿದ್ಯೆ

ಚೆನ್ನೈನ ಮೀನುಗಾರಿಕಾ ಬಂದರು ಕಾಸಿಮೇಡಿಗೆ ಹೋದವರು ದೋಣಿಗಳ ಬಣ್ಣ ನೋಡುತ್ತಾರೆ, ವಂಜರಂ ಮೀನಿನ ಬೆಲೆ ಕೇಳುತ್ತಾರೆ. ಲಂಗರಿನತ್ತ ಯಾರ ಕಣ್ಣೂ ಹೋಗುವುದಿಲ್ಲ. ಆ ಬಂದರಿನಲ್ಲಿ ನನಗೆ ಅದೇ ಚೆಂದ. ಕಬ್ಬಿಣದ ಕೊಕ್ಕೆ, ಒಂದಿಷ್ಟು ಸರಪಳಿ, ಉದ್ದನೆಯ ಹಗ್ಗ, ಅಷ್ಟೇ.

ದೋಣಿಯನ್ನು ನಿಲ್ಲಿಸುವುದು ಲಂಗರಿನ ಭಾರ ಎಂದು ದಡದವರ ಎಣಿಕೆ. ನಿಜಕ್ಕೂ ಮುಖ್ಯವಾದದ್ದು ಎಳೆತದ ದಿಕ್ಕು. ಹಗ್ಗ ಗಿಡ್ಡವಾದರೆ ಪ್ರತಿ ಅಲೆಯೂ ಕೊಕ್ಕೆಯನ್ನು ಮೇಲಕ್ಕೆ ಕೀಳುತ್ತದೆ. ಆಳದ ಐದು ಪಟ್ಟು, ಗಾಳಿ ಜೋರಾದರೆ ಏಳು ಪಟ್ಟು ಬಿಟ್ಟರೆ ಎಳೆತ ತಳಕ್ಕೆ ಹತ್ತಿರವಾಗಿ ಕೊಕ್ಕೆ ಇನ್ನಷ್ಟು ಹೂತುಕೊಳ್ಳುತ್ತದೆ. ಸರಪಳಿಯ ತೂಕವೂ ಅದಕ್ಕೇ ನೆರವು. ಶೋಕಿಯ ಮೋಟಾರ್ ಯಾಟ್‌ಗೂ ಇದೇ ಲೆಕ್ಕ, ದುಡ್ಡು ಕೊಟ್ಟು ತಪ್ಪಿಸಿಕೊಳ್ಳುವಂತಿಲ್ಲ.

ಮಲ್ಪೆಯ ಅಳಿವೆ ಕಂಡ ನಮ್ಮವರಿಗೆ ಈ ಕರಾವಳಿ ಬೋಳು ಅನ್ನಿಸಬಹುದು. 19ನೇ ಶತಮಾನದ ಕೊನೆಯಲ್ಲಿ ಬಂದರು ಕಟ್ಟುವ ತನಕ ಮದ್ರಾಸಿಗೆ ಬಂದ ಹಡಗುಗಳು ತೆರೆದ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಜನ, ಸರಕು ಎಲ್ಲ ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ದಡ ಸೇರಬೇಕಿತ್ತು.

ಈ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಟ್ರಾಲರ್‌ಗಳು ಸಾಲಾಗಿ ಕಟ್ಟಿಸಿಕೊಂಡು ನಿಂತಿರುತ್ತವೆ. ಸವೆದ ಲಂಗರು ಹಗ್ಗ ಬದಲಿಸಲು ಆ 61 ದಿನ ಸಾಕಷ್ಟಾಯಿತು.