ಆಯ್ದ ಅಕ್ಕಿಯೂ ಚಳಿಗಾಲದ ಮೇವೂ

ಶರಣರ ಆರ್ಥಿಕ ವಿಚಾರವನ್ನು ಕುರಿತ ಲೇಖನಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಬಾರದಿರುವುದು ವಿರಳ. ಪತಿ ಮಾರಯ್ಯನು ವಾಡಿಕೆಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಕೆ ಹಿಂದಿರುಗಿಸಿದಳೆಂಬುದು ಸರ್ವವಿದಿತ. ಇದನ್ನೇ ಪರಿಸರ ಸಂರಕ್ಷಣೆಯ ಬೋಧೆಯೆನ್ನುವ ರೂಢಿಯೂ ಈಚೆಗೆ ಬೆಳೆದಿದೆ. ಈ ಮಾತನ್ನು ತೂಗಿ ನೋಡಲು ಎಲಿನರ್ ಆಸ್ಟ್ರಮ್ ಅವರ ‘ಗವರ್ನಿಂಗ್ ದಿ ಕಾಮನ್ಸ್’ (1990) ಎಂಬ ಗ್ರಂಥವು ಒಳ್ಳೆಯ ತಕ್ಕಡಿ.

ಎಲ್ಲರಿಗೂ ತೆರೆದ ಹುಲ್ಲುಗಾವಲು ಹಾಳಾಗಿಯೇ ತೀರುವುದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಒಂದು ಹಸುವನ್ನು ಹೆಚ್ಚು ಬಿಟ್ಟವನಿಗೆ ಲಾಭವೆಲ್ಲ ತನ್ನದು, ನಷ್ಟ ಊರಿಗೆಲ್ಲ ಹಂಚಿಕೆ. ತರ್ಕವೇನೋ ಗಟ್ಟಿ, ಆದರೆ ಆ ಪ್ರಬಂಧದ ದನಗಾಹಿಗಳು ಒಬ್ಬರೊಡನೊಬ್ಬರು ಮಾತನಾಡುವುದೇ ಇಲ್ಲ! ಆಸ್ಟ್ರಮ್ ಅವರು ಮಾತನಾಡಿಕೊಂಡ ಊರುಗಳನ್ನು ಮುಂದಿಡುತ್ತಾರೆ.

ಅವುಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಗ್ರಾಮವು ವಿಶೇಷವಾಗಿ ಪರಿಶೀಲನಾರ್ಹ. ರಾಬರ್ಟ್ ನೆಟ್ಟಿಂಗ್ ಅವರ ಅಧ್ಯಯನದಿಂದ ತೆಗೆದುಕೊಂಡ ಉದಾಹರಣೆಯಿದು. ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಮೇವಿಕ್ಕಿ ಸಾಕಬಲ್ಲನೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟದ ಸಾಮುದಾಯಿಕ ಗೋಮಾಳಕ್ಕೆ ಬಿಡತಕ್ಕದ್ದೆಂದು 1517ರಲ್ಲಿಯೇ ಅಲ್ಲಿ ಕಟ್ಟಳೆಯಾಗಿತ್ತು. ಅಳತೆಯನ್ನು ಎಲ್ಲಿ ಇಟ್ಟರೆಂಬುದನ್ನು ಓದುಗರು ಗಮನಿಸಬೇಕು. ಅದು ಮನುಷ್ಯನ ಆಸೆಯಲ್ಲಿಲ್ಲ, ಪೇಟೆಯ ಧಾರಣೆಯಲ್ಲಿಲ್ಲ. ಅವನವನ ಹೊಲದ ಒಣಹುಲ್ಲಿನಲ್ಲಿದೆ. ನೆರೆಯವನ ಕಣ್ಣಿಗೂ ಕಾಣುವಂಥದು. ಮೀರಿದವನಿಗೆ ದಂಡ, ದಂಡದ ಅರ್ಧ ವಸೂಲು ಮಾಡಿದ ಅಧಿಕಾರಿಗೇ! (ಇದನ್ನು ಶರಣರು ಒಪ್ಪುತ್ತಿದ್ದರೇ ಎಂಬುದು ಬೇರೆಯ ಪ್ರಶ್ನೆ.)

ಲಕ್ಕಮ್ಮನ ಅಳತೆ ಇಂಥದಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದು ಹಿಡಿ ಹೆಚ್ಚಾಗಿ ಆಯ್ದರೆ ಮರುವರ್ಷದ ಬೆಳೆ ಕುಂದುವುದಿಲ್ಲ. ಕುಂದುವುದು ಆಯ್ದವನ ಕಾಯಕದ ಶುದ್ಧಿ. ಆದುದರಿಂದ ಆ ಪ್ರಸಂಗವನ್ನು ನೇರವಾಗಿ ಪರಿಸರಶಾಸ್ತ್ರವೆನ್ನುವುದು ಅದಕ್ಕೆ ಹೊರಗಿನಿಂದ ತೊಡಿಸಿದ ಒಡವೆ. ಅದಕ್ಕೆ ಅದರ ಅಗತ್ಯವೂ ಇಲ್ಲ. ಆಸ್ಟ್ರಮ್ ಅವರ ರೈತನು ನೆರೆಯವನೂ ನಿಯಮ ಪಾಲಿಸುವನೆಂಬ ಭರವಸೆಯಿದ್ದಾಗ ತಾನೂ ಪಾಲಿಸುತ್ತಾನೆ. ಲಕ್ಕಮ್ಮ ನೆರೆಯವರನ್ನು ಕೇಳಲಿಲ್ಲ. ಆಕೆಯ ಎತ್ತರವಿರುವುದು ಇಲ್ಲಿಯೇ. ಅಂಥ ಎತ್ತರವನ್ನು ನೆಚ್ಚಿ ಒಂದು ಊರಿನ ಗೋಮಾಳವನ್ನು ಕಾಯಲಾಗದೆಂಬುದೂ ಅಷ್ಟೇ ನಿಜ.

ಆಸ್ಟ್ರಮ್ ಅವರ ಗ್ರಂಥಕ್ಕೂ ಎಲ್ಲೆಯುಂಟು. ಅವರು ಆರಿಸಿಕೊಂಡ ಸಮುದಾಯಗಳಲ್ಲಿ ಅತಿ ದೊಡ್ಡದೂ 15,000 ಜನರನ್ನು ಮೀರದು. ಸಂಡೂರಿನ ಅದಿರನ್ನು ಕೊಳ್ಳುವವರಾದರೋ ಕಡಲಾಚೆಯವರೂ ಆಗಿದ್ದರು; ಅಲ್ಲಿ ಯಾರ ಕೊಟ್ಟಿಗೆಯ ಮೇವೂ ಅಳತೆಯಾಗಲಿಲ್ಲ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಕೂಡಿ ವರ್ಷಕ್ಕೆ 3 ಕೋಟಿ ಟನ್ನುಗಳ ಮಿತಿಯನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ವಿಧಿಸಬೇಕಾಯಿತು. 2022ರಲ್ಲಿ ಅದೇ ನ್ಯಾಯಾಲಯ ಆ ಮಿತಿಯನ್ನು 5 ಕೋಟಿಗೆ ಏರಿಸಿತು.