ಬೀಜಸಂಸ್ಕಾರ: ಹಳೆಯ ಗ್ರಂಥ, ಹೊಸ ಹೊಗಳಿಕೆ

ಎರಡನೆಯ ಚಾವುಂಡರಾಯನು ೧೦೨೫ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಅದಕ್ಕೂ ಶತಮಾನಗಳಷ್ಟು ಹಿಂದಿನ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ, ಬಿತ್ತುವ ಬೀಜಕ್ಕೆ ಹತ್ತು ದಿನಗಳ ಹಾಲಿನ ಸಂಸ್ಕಾರ, ತುಪ್ಪ, ಸಗಣಿ, ಧೂಪ ಇವನ್ನು ವಿಧಿಸಿದ್ದಾನೆ. ಇಂಥ ಮಾತುಗಳನ್ನು ಮುಂದಿಟ್ಟು, ಪಾಶ್ಚಾತ್ಯರ ಬೀಜೋಪಚಾರವನ್ನು ನಮ್ಮವರು ಎಂದೋ ಕಂಡಿದ್ದರೆಂದು ಬರೆಯುವುದು ಈಗ ವಾಡಿಕೆಯಾಗಿದೆ. ಈ ಹೋಲಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ನಾಟಿಂಗ್‌ಹ್ಯಾಮಿನಲ್ಲಿ ಹೈಡೆಕರ್ ಮತ್ತು ಸಂಗಡಿಗರು ೧೯೭೩ರಲ್ಲಿ ಪ್ರಕಟಿಸಿದ ವಿಧಾನದ ಜೀವಾಳ ನೀರಲ್ಲ, ನೀರಿನ ಮಿತಿ. ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜವು ಒಳಗಿನ ಸಿದ್ಧತೆಗೆ ಸಾಕಾಗುವಷ್ಟು ತೇವವನ್ನು ಮಾತ್ರ ಹೀರುತ್ತದೆ. ಮೊಳಕೆ ಹೊರಬೀಳುವಷ್ಟು ಅದಕ್ಕೆ ದೊರೆಯದು. ಹತ್ತು ದಿನ ಹಾಲಿನಲ್ಲಿ ಮುಳುಗಿಸಿಟ್ಟ ಬದನೆಯ ಬೀಜವಾದರೋ ಕೊಳೆತೇ ಹೋದೀತು. ಆದರೆ ಗ್ರಂಥಕಾರನ ಪದ 'ಭಾವಿತ'. ವೈದ್ಯಶಾಸ್ತ್ರದಲ್ಲಿ ಭಾವನೆಯೆಂದರೆ ನೆನೆಸಿ ಒಣಗಿಸಿ ಮತ್ತೆ ನೆನೆಸುವ ಕ್ರಮ. ಹಾಗೆ ಓದಿದರೆ ಮಾತಿಗೆ ಅರ್ಥ ಬರುತ್ತದೆ. ಹೊಗಳುವವರು ಈ ಪದವನ್ನು ಗಮನಿಸಿದಂತಿಲ್ಲ. (ಇವರಲ್ಲಿ ಕೆಲವರು ಟೊಮೇಟೊ, ಮೆಣಸಿನಕಾಯಿಗಳನ್ನೂ ಉದಾಹರಿಸುತ್ತಾರೆ, ಅಮೆರಿಕೆಯ ಆ ಗಿಡಗಳನ್ನು ವರಾಹಮಿಹಿರನು ಎಲ್ಲಿ ಕಂಡಾನು!)

ಇದಕ್ಕಿಂತ ಗಂಭೀರವಾದ ಲೋಪ, ಬೀಜದ ವಯಸ್ಸನ್ನು ಕೇಳದಿರುವುದು. ಬೀಜದ ತೇವ ಶೇಕಡಾ ಒಂದರಷ್ಟು ಇಳಿದರೆ, ಅಥವಾ ಉಷ್ಣತೆ ೫ ಡಿಗ್ರಿ ಸೆಲ್ಸಿಯಸ್ ತಗ್ಗಿದರೆ, ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂಬುದು ಹ್ಯಾರಿಂಗ್ಟನ್ನನ ಸ್ಥೂಲ ಸೂತ್ರ. ಮುಂಬಯಿಯ ಮಳೆಗಾಲವನ್ನು ಬಲ್ಲ ನಮಗೆ, ಊರಿನಿಂದ ತಂದ ಈರುಳ್ಳಿ ಬೀಜ ಮರುವರ್ಷ ಏಕೆ ಮುನಿಯುವುದೆಂದು ಬೇರೆ ಹೇಳಬೇಕಾಗಿಲ್ಲ. ಮುಪ್ಪಾದ ಬೀಜದ ಕೋಶಪೊರೆಗಳು ಸೋರುತ್ತವೆ. ಹದವಾದ ತೇವದಲ್ಲಿ ಅವು ಕೆಲಮಟ್ಟಿಗೆ ದುರಸ್ತಿಯಾಗಬಲ್ಲವು. ಸತ್ತ ಬೀಜ ಮಾತ್ರ ಯಾವ ಹಾಲಿಗೂ ಏಳದು. ಹೊಸ ಬೀಜಕ್ಕಾದರೆ ಲಾಭ ಬಹುಮಟ್ಟಿಗೆ ವೇಗ ಮತ್ತು ಏಕರೂಪತೆ. ಅದಕ್ಕೂ ಬೆಲೆ ತೆರಬೇಕು: ಸಂಸ್ಕಾರ ಪಡೆದ ಲೆಟ್ಯೂಸ್ ಬೀಜ ದಾಸ್ತಾನಿನಲ್ಲಿ ಬೇಗ ಹಾಳಾಗುವುದನ್ನು ಟಾರ್ಕಿಸ್ ಮತ್ತು ಬ್ರಾಡ್‌ಫರ್ಡ್ ೧೯೯೨ರಲ್ಲಿ ತೋರಿಸಿದರು. ಮೊಳಕೆಯನ್ನು ತ್ವರೆಗೊಳಿಸಿದ ಉಪಚಾರವೇ ಆಯುಸ್ಸನ್ನು ಕುಗ್ಗಿಸಿತು.

ಆದುದರಿಂದ 'ಮೊಳಕೆ ಹೆಚ್ಚಿತು' ಎಂಬ ಬರಿಯ ಶೇಕಡಾವಾರು ಪ್ರಮಾಣವಾಗಲಾರದು. ಬೀಜ ಎಷ್ಟು ಹಳೆಯದು, ಎಂಥ ತೇವದಲ್ಲಿತ್ತು, ಉಪಚಾರವಾದ ಎಷ್ಟು ದಿನಕ್ಕೆ ಬಿತ್ತಿದರು ಎಂಬುದು ತಿಳಿಯಬೇಕು. ಪ್ರಾಚೀನನು ಬಿತ್ತನೆಗೆ ನಿಂತವನಿಗೆ ಹೇಳಿದವನಾದ್ದರಿಂದ ಕೊನೆಯ ಪ್ರಶ್ನೆ ಅವನಿಗೆ ಏಳಲಿಲ್ಲ. ಬೀಜವು ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕಾಯುವ ಕಾಲದಲ್ಲಿ ಬರೆಯುವವರಿಗೆ ಆ ವಿನಾಯಿತಿ ಇಲ್ಲ.